ಟಿಬೆಟನ್ ನೆಲೆಯಲ್ಲೊಂದು ಕಂಪ್ಯೂಟರ್ ತರಗತಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕರ್ನಾಟಕದಲ್ಲಿ ಐದು ಟಿಬೆಟನ್ ನೆಲೆಗಳಿವೆ: ಬೈಲಕುಪ್ಪೆಯಲ್ಲಿ ಎರಡು, ಮುಂಡಗೋಡ, ಹುಣಸೂರಿನ ಗುರುಪುರ ಮತ್ತು ಒಡೆಯರಪಾಳ್ಯ. ಅಲ್ಲಿನ ಯುವಕ ಯುವತಿಯರಿಗೆ ಕಂಪ್ಯೂಟರ್ ಕಲಿಸಲು ಹೊರಟವರು, ಕಲಿಯುತ್ತಿರುವವರು, ಬೆಂಗಳೂರಿನಲ್ಲಿ ಬೇರೆ ದೇಶಗಳ ನಿರಾಶ್ರಿತ ಮಕ್ಕಳ ಜೊತೆ ಕೆಲಸ ಮಾಡುವವರು ಬರೆದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಬೈಲಕುಪ್ಪೆಯಲ್ಲಿ ಇಪ್ಪತ್ತು ಜನ ಕೂರುವ ಹಾಲ್ ಸಿಕ್ಕಿದೆ. ಬೆಂಗಳೂರಿನ ಕಂಪನಿಯೊಂದು ಹತ್ತು ಹಳೇ ಡೆಸ್ಕ್‌ಟಾಪ್ ಕೊಡುತ್ತೇವೆ ಅನ್ನುತ್ತಿದೆ. ಕರೆಂಟು, ಇಂಟರ್‌ನೆಟ್ ಎರಡನ್ನೂ ನಂಬುವ ಹಾಗಿಲ್ಲ. ತೆಗೆದುಕೊಳ್ಳಬಹುದೇ?
— ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಕುಶಾಲನಗರ

ಬೇಡ. ಅದೇ ಕಂಪನಿಯನ್ನು ಹಳೇ ಲ್ಯಾಪ್‌ಟಾಪ್ ಕೇಳಿ. ಹತ್ತರ ಬದಲು ಆರೇ ಕೊಟ್ಟರೂ ಸರಿ. ಕಾರಣ ಲೆಕ್ಕದಲ್ಲಿದೆ. ಮಾನಿಟರ್ ಸೇರಿ ಒಂದು ಡೆಸ್ಕ್‌ಟಾಪ್ ಸುಮಾರು 110 ವಾಟ್ ಎಳೆಯುತ್ತದೆ. ಹತ್ತು ಸೇರಿದರೆ 1,100 ವಾಟ್. ಮನೆಗಳಲ್ಲಿ ಸಾಮಾನ್ಯವಾಗಿ ಹಾಕಿಸುವ 900 ವಿಎ ಇನ್ವರ್ಟರ್ ತಾಳುವುದು 700 ವಾಟ್ ಆಸುಪಾಸು. ಕರೆಂಟು ಹೋದ ಕ್ಷಣವೇ ಅದು ಟ್ರಿಪ್ ಆಗುತ್ತದೆ, ಅರ್ಧ ಬರೆದ ಕಡತಗಳೆಲ್ಲ ಹೋಗುತ್ತವೆ. ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಎಳೆಯುವುದು ಸುಮಾರು 45 ವಾಟ್. ಕರೆಂಟು ಇರುವಾಗ ಚಾರ್ಜ್ ಮಾಡಿಟ್ಟರೆ ಎರಡು ಗಂಟೆಯ ತರಗತಿ ಅದರದೇ ಬ್ಯಾಟರಿಯಲ್ಲಿ ಮುಗಿಯುತ್ತದೆ.

ಇನ್ವರ್ಟರ್ ಇದ್ದೇ ಇದೆ ಎನ್ನುವವರು ಇದನ್ನೂ ಗಮನಿಸಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಗಂಟೆ ಇರುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದು ಬೇಗ ಸಾಯುತ್ತದೆ, ಇನ್ವರ್ಟರಿನಲ್ಲಿ ಒಂದಿಷ್ಟು ನಷ್ಟವೂ ಆಗುತ್ತದೆ. ಅದೆಲ್ಲ ಕಳೆದು ಕೈಗೆ ಸಿಗುವುದು 750ರಷ್ಟು. ಹತ್ತು ಲ್ಯಾಪ್‌ಟಾಪ್ ಒಟ್ಟಿಗೆ ಚಾರ್ಜಿಗೆ ಹಾಕಿದರೆ ಒಂದೂವರೆ ಗಂಟೆಯಲ್ಲಿ ಖಾಲಿ. ಹಾಗಾಗಿ ಇನ್ವರ್ಟರನ್ನು ರೌಟರ್, ಪಾಠಗಳನ್ನು ಇಟ್ಟುಕೊಂಡು ಹಂಚುವ ಸರ್ವರ್, ದೀಪಗಳಿಗೆ ಮಾತ್ರ ಬಿಡಿ.

ಹಳೇ ಲ್ಯಾಪ್‌ಟಾಪ್ ಒಪ್ಪಿಕೊಳ್ಳುವ ಮುನ್ನ ಮೂರು ವಿಷಯ ನೋಡಿ. 8 ಜಿಬಿ ರ್‍ಯಾಮ್ ಇರಲಿ. ಹಾರ್ಡ್ ಡಿಸ್ಕ್ ಇದ್ದರೆ 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿ. ಹಳೇ ಯಂತ್ರಕ್ಕೆ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ. ವಿಂಡೋಸಿನ ಬ್ಯಾಟರಿ ವರದಿ ತೆಗೆದು ಡಿಸೈನ್ ಕೆಪಾಸಿಟಿಯ ಪಕ್ಕ ಫುಲ್ ಚಾರ್ಜ್ ಕೆಪಾಸಿಟಿ ಎಷ್ಟಿದೆ ನೋಡಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಅದು ಹೆಸರಿಗಷ್ಟೇ ಲ್ಯಾಪ್‌ಟಾಪ್, ಪ್ಲಗ್ ಕಿತ್ತರೆ ಆರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಅಂಥವಕ್ಕೆ ಲಿನಕ್ಸ್ ಮಿಂಟ್ ಹಾಕಿ. ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತದೆ. ಕ್ರ್ಯಾಕ್ ಮಾಡಿದ ವಿಂಡೋಸ್ ಖಂಡಿತ ಬೇಡ, ಏಕೆಂಬುದು ಮುಂದೆ ಭದ್ರತೆಯ ಉತ್ತರದಲ್ಲಿದೆ.

ಇಂಟರ್‌ನೆಟ್ ಸಮಸ್ಯೆಗೆ ಪಾಠಗಳನ್ನು ಹಾಲ್‌ನಲ್ಲೇ ಇಟ್ಟುಕೊಳ್ಳುವುದು ಪರಿಹಾರ. ಕೋಲಿಬ್ರಿ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಪಾಠದ ವಿಡಿಯೊ, ಅಭ್ಯಾಸಗಳನ್ನು ಒಮ್ಮೆ ಇಳಿಸಿಟ್ಟರೆ ಸುತ್ತಲಿನ ಫೋನ್, ಲ್ಯಾಪ್‌ಟಾಪುಗಳು ವೈ-ಫೈ ಮೂಲಕ ಬ್ರೌಸರಿನಲ್ಲೇ ತೆರೆಯುತ್ತವೆ. ವಿಕಿಪೀಡಿಯವನ್ನು ಹೀಗೆ ಇಡಲು ಕಿವಿಕ್ಸ್ ಇದೆ, ಕನ್ನಡ ವಿಕಿಪೀಡಿಯವೂ ಅದರಲ್ಲಿ ಸಿಗುತ್ತದೆ. ಕೆನ್ಯಾದ ಕಾಕುಮಾ ನಿರಾಶ್ರಿತ ಶಿಬಿರದಲ್ಲೂ ಕೋಲಿಬ್ರಿ ಬಳಕೆಯಲ್ಲಿದೆ. ಸರ್ವರ್‌ಗೆ ರ್‍ಯಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕೆಂದು ಬಹಳ ಜನ ಹೇಳುತ್ತಾರೆ. ಸಾಕು ನಿಜ, ಆದರೆ ಪದೇ ಪದೇ ಕರೆಂಟು ಹೋಗುವಲ್ಲಿ ಅದರ ಮೆಮೊರಿ ಕಾರ್ಡ್ ಕೆಡುತ್ತದೆ. ಸ್ವಂತ ಬ್ಯಾಟರಿ ಇರುವ ಹಳೇ ಲ್ಯಾಪ್‌ಟಾಪನ್ನೇ ಸರ್ವರ್ ಮಾಡುವುದು ಮೇಲು. ಮುಚ್ಚಳ ಮುಚ್ಚಿದರೆ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ. ಇಪ್ಪತ್ತು ಜನರಿಗೆ ಲ್ಯಾಪ್‌ಟಾಪಿನ ಹಾಟ್‌ಸ್ಪಾಟ್ ಸಾಲದು, ಎರಡು ಬ್ಯಾಂಡಿನ ಪ್ರತ್ಯೇಕ ರೌಟರ್ ಬೇಕು.

ಶುರುವಿನ ವಾರ ಎರಡು ತೊಂದರೆ ಬಂದೇ ಬರುತ್ತವೆ. ರೌಟರ್ ಮತ್ತೆ ಶುರುವಾದಾಗ ಸರ್ವರಿನ ಐಪಿ ವಿಳಾಸ ಬದಲಾಗಿ, ನಿನ್ನೆ ತೆರೆದ ಪುಟ ಇಂದು ತೆರೆಯುವುದಿಲ್ಲ. ರೌಟರಿನ ಸೆಟ್ಟಿಂಗಿನಲ್ಲಿ ಆ ಲ್ಯಾಪ್‌ಟಾಪಿಗೆ ಒಂದು ವಿಳಾಸ ಕಾಯಂ ಮಾಡಿ, ಅದನ್ನು ಬೋರ್ಡಿನ ಮೇಲೆ ಬರೆದಿಡಿ. ಇನ್ನೊಂದು, ಈ ವೈ-ಫೈಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ಫೋನ್ ತಾನಾಗಿಯೇ ಮೊಬೈಲ್ ಡೇಟಾಕ್ಕೆ ಹಾರುತ್ತದೆ, ಪುಟ ಸಿಗುವುದಿಲ್ಲ. ಮೊಬೈಲ್ ಡೇಟಾ ಆರಿಸಿಯೇ ತರಗತಿ ಶುರು ಮಾಡಿ.

ಜುಲೈನಲ್ಲಿ 25 ಜನ ಸೇರಿದ್ದರು. ದಸರಾ ಹೊತ್ತಿಗೆ ಏಳು ಜನ ಉಳಿದರು. ಪಾಠ ಕಷ್ಟವಾಯಿತೇ?
— ಸ್ವಯಂಸೇವಕಿ, ಪಿರಿಯಾಪಟ್ಟಣ

ಪಾಠದ ತಪ್ಪಲ್ಲ, ಪಂಚಾಂಗದ ತಪ್ಪು. ಅಕ್ಟೋಬರಿನಿಂದ ಜನವರಿಯವರೆಗೆ ಸ್ವೆಟರ್ ವ್ಯಾಪಾರದ ಕಾಲ. ನೆಲೆಗಳ ಎಷ್ಟೋ ಕುಟುಂಬಗಳ ವರ್ಷದ ಮುಖ್ಯ ಆದಾಯ ಆ ತಿಂಗಳುಗಳಲ್ಲೇ ಬರುವುದು. ದೂರದ ಊರುಗಳಲ್ಲಿ ಅಂಗಡಿ ಹಾಕಿದ ಅಪ್ಪ ಅಮ್ಮನಿಗೆ ಮಕ್ಕಳು ಕೈಜೋಡಿಸುತ್ತಾರೆ. ಇದನ್ನು ಕೇಳಿ ತಿಳಿದುಕೊಳ್ಳದೆ ವೇಳಾಪಟ್ಟಿ ಹಾಕುವುದು ಬೆಂಗಳೂರಿನಿಂದ ಬರುವ ಸಂಸ್ಥೆಗಳಿಗೆ ಅಭ್ಯಾಸವಾಗಿಬಿಟ್ಟಿದೆ.

ಕೇಂದ್ರ ಸರ್ಕಾರದ ನೈಲಿಟ್ ಸಂಸ್ಥೆಯ ಸಿಸಿಸಿ ಎಂಬ ಆರಂಭಿಕ ಕಂಪ್ಯೂಟರ್ ಕೋರ್ಸ್ 80 ಗಂಟೆಯದು: ಥಿಯರಿ 25, ಟ್ಯುಟೋರಿಯಲ್ 5, ಪ್ರಾಕ್ಟಿಕಲ್ 50. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ ಎಂದರೆ 13-14 ವಾರ. ಟಿಬೆಟನ್ ಹೊಸ ವರ್ಷದ ಲೋಸಾರ್ ಹಬ್ಬ ಕಳೆದು ಮಾರ್ಚಿನಲ್ಲಿ ಒಂದು ತಂಡ, ಜೂನ್ ಮೂರನೇ ವಾರದಲ್ಲಿ ಇನ್ನೊಂದು ತಂಡ ಶುರು ಮಾಡಿದರೆ ಎರಡೂ ಸ್ವೆಟರ್ ಕಾಲಕ್ಕೆ ಮುಂಚೆ ಮುಗಿಯುತ್ತವೆ. ಚಳಿಗಾಲದಲ್ಲಿ ನೆಲೆಯಲ್ಲೇ ಉಳಿಯುವ ಹಿರಿಯರಿಗೆ, ತಾಯಂದಿರಿಗೆ ಫೋನ್ ಬಳಕೆಯ ಸಣ್ಣ ತರಗತಿ ಮಾಡಿ.

ವ್ಯಾಪಾರಕ್ಕೆ ಹೋದವರನ್ನೂ ಕೈಬಿಡಬೇಕಿಲ್ಲ. ಹೊರಡುವ ಮುನ್ನ ಫೋನಿನ ಸ್ಪ್ರೆಡ್‌ಶೀಟಿನಲ್ಲಿ ಒಂದು ಹಾಳೆ ಮಾಡಿಸಿ ಕಳಿಸಿ: ದಿನಾಂಕ, ಮಾಲು, ಕೊಂಡ ಬೆಲೆ, ಮಾರಿದ ಬೆಲೆ, ಎಷ್ಟು ಪೀಸು, ನಗದು, ಯುಪಿಐ, ಲುಧಿಯಾನದ ಸಗಟು ವ್ಯಾಪಾರಿಗೆ ಕೊಡಬೇಕಾದ ಬಾಕಿ. ನಾಲ್ಕು ತಿಂಗಳು ನಿಜವಾದ ದುಡ್ಡಿನ ಲೆಕ್ಕ ಬರೆದವರಿಗೆ ಸ್ಪ್ರೆಡ್‌ಶೀಟ್ ಮತ್ತೆ ಕಲಿಸಬೇಕಾಗಿಲ್ಲ. ಇದರಲ್ಲಿ ಎರಡು ಕಡೆ ಎಡವುತ್ತಾರೆ. ಬೆಲೆಯ ಕಾಲಂನಲ್ಲಿ ‘1200/-’ ಎಂದು ರಸೀದಿಯ ರೂಢಿಯಲ್ಲಿ ಬರೆದರೆ ಯಂತ್ರಕ್ಕೆ ಅದು ಅಂಕಿಯಲ್ಲ, ಅಕ್ಷರ. ಮೊತ್ತ ಸೊನ್ನೆ ಬರುತ್ತದೆ. ಫೋನಿನ ಭಾಷೆ ಅಮೆರಿಕದ ಇಂಗ್ಲಿಷಿನಲ್ಲಿದ್ದರೆ 5/11 ಎಂಬುದು ನವೆಂಬರ್ 5ರ ಬದಲು ಮೇ 11 ಆಗಿ ಕೂರುತ್ತದೆ.

ನಾನು ಟಿಬೆಟನ್‌ನಲ್ಲಿ ಟೈಪ್ ಮಾಡಿ ಕಳಿಸಿದರೆ ಕೆಲವರಿಗೆ ಬರೀ ಚೌಕ ಕಾಣುತ್ತದೆ. ಪ್ರಿಂಟ್ ತೆಗೆದರೆ ಅಕ್ಷರಗಳ ತಲೆ ಕಾಲು ಕತ್ತರಿಸಿರುತ್ತದೆ. ಹಳೇ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.
— ವಿದ್ಯಾರ್ಥಿ ಭಿಕ್ಷು, ಮುಂಡಗೋಡ

ಮೂರೂ ಬೇರೆ ಬೇರೆ ರೋಗ.

ಚೌಕ ಕಂಡರೆ ಎದುರಿನವರ ಯಂತ್ರದಲ್ಲಿ ಟಿಬೆಟನ್ ಫಾಂಟ್ ಇಲ್ಲವೆಂದು ಅರ್ಥ. ಬರೆಹ ಸರಿಯಾಗಿಯೇ ಇದೆ. ಓದಲು ಮಾತ್ರ ಕಳಿಸುವುದಾದರೆ ಫಾಂಟ್ ಒಳಗೊಂಡ ಪಿಡಿಎಫ್ ಮಾಡಿ. ತಿದ್ದಲು ಕಳಿಸುವುದಾದರೆ ಜೊಮೊಲ್ಹಾರಿ ಅಥವಾ ನೋಟೊ ಸೆರಿಫ್ ಟಿಬೆಟನ್ ಹಾಕಿಕೊಳ್ಳಲು ಹೇಳಿ, ಎರಡೂ ಉಚಿತ. ವಿಂಡೋಸಿನ ಜೊತೆ ಬರುವ ಮೈಕ್ರೊಸಾಫ್ಟ್ ಹಿಮಾಲಯ ಫಾಂಟ್ ಅದೇ ಪಾಯಿಂಟಿನಲ್ಲಿ ಬೇರೆಯವುಗಳಿಗಿಂತ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಫಾಂಟ್ ಬದಲಿಸಿದ ಕೂಡಲೇ ಪುಟಗಳ ಲೆಕ್ಕ ಏರುಪೇರಾದರೆ ಗಾಬರಿಯಾಗಬೇಡಿ.

ಅಕ್ಷರದ ತಲೆ ಕಾಲು ಕತ್ತರಿಸುವುದು ಸಾಲಿನ ಅಂತರದಿಂದ. ಟಿಬೆಟನ್‌ನಲ್ಲಿ ಒತ್ತಕ್ಷರಗಳು ನಮ್ಮ ಕನ್ನಡದ ಹಾಗೆಯೇ ಕೆಳಗೆ ಪೇರಿಸಿಕೊಳ್ಳುತ್ತವೆ, ಅದರ ಮೇಲೆ ಸ್ವರಚಿಹ್ನೆ ಬೇರೆ. ವರ್ಡ್‌ನಲ್ಲಿ ಸಾಲಿನ ಅಂತರ ‘ಎಕ್ಸಾಕ್ಟ್ಲಿ’ ಎಂದಿದ್ದರೆ ಅಷ್ಟೇ ಎತ್ತರಕ್ಕೆ ಕತ್ತರಿಸಿ ತೋರಿಸುತ್ತದೆ. ಅದನ್ನು ‘ಮಲ್ಟಿಪಲ್’ ಅಥವಾ ‘ಅಟ್ ಲೀಸ್ಟ್’ ಮಾಡಿ.

ಮೂರನೆಯದು ಕನ್ನಡದವರಿಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ನುಡಿ, ಬರಹದ ಹಳೇ ಆಸ್ಕಿ ಫಾಂಟಿನ ಕಡತ ಬೇರೆ ಯಂತ್ರದಲ್ಲಿ ತೆರೆದಾಗ ಏನಾಗುತ್ತದೋ ಅದೇ. ಹಳೇ ಟಿಬೆಟನ್ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಟಿಬೆಟನ್ ಚಿತ್ರ ಕೂರಿಸಿದ್ದವು. ಆ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಕ್ಕೆ ಯಾವ ಫಾಂಟಿನಲ್ಲಿ ಬರೆದದ್ದೆಂದು ತಿಳಿಯುವುದು ಮುಖ್ಯ, ಆದ್ದರಿಂದ ಮೂಲ ಕಡತದ ಫಾಂಟ್ ಹೆಸರು ಅಳಿಸುವ ಮುನ್ನ ಬರೆದಿಟ್ಟುಕೊಳ್ಳಿ. ಹಳೇ ಪಿಡಿಎಫ್‌ನಿಂದ ನಕಲು ಮಾಡಿ ಅಂಟಿಸುವುದು ದಂಡ, ಒತ್ತಕ್ಷರಗಳು ಚದುರುತ್ತವೆ. ಪುಟದ ಚಿತ್ರ ತೆಗೆದು ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರ) ಮಾಡಿಸಿ ತಿದ್ದುವುದೇ ಬೇಗ.

ನೀವು ಕೇಳದ ಇನ್ನೊಂದು: ಟಿಬೆಟನ್‌ನಲ್ಲಿ ಪದಗಳ ನಡುವೆ ಖಾಲಿ ಜಾಗ ಇಲ್ಲ, ಉಚ್ಚಾರಾಂಶಗಳ ನಡುವೆ ತ್ಸೆಗ್ ಚುಕ್ಕೆ ಬರುತ್ತದೆ. ಇಂಗ್ಲಿಷ್ ಕೀಲಿಮಣೆಯಿಂದ ಬಂದವರು ತ್ಸೆಗ್ ಬದಲು ಫುಲ್‌ಸ್ಟಾಪ್, ವಾಕ್ಯ ಮುಗಿಸುವ ಶೆ ಗೆರೆಯ ಬದಲು ಕೀಲಿಮಣೆಯ ಉದ್ದಗೆರೆ ಒತ್ತುತ್ತಾರೆ. ನೋಡಲು ಹೆಚ್ಚು ಕಡಿಮೆ ಒಂದೇ, ಆದರೆ ಸಾಲು ಎಲ್ಲಿ ಮುರಿಯಬೇಕೆಂದು ಯಂತ್ರಕ್ಕೆ ತಿಳಿಯುವುದಿಲ್ಲ, ಹುಡುಕಿದರೆ ಪದ ಸಿಗುವುದಿಲ್ಲ.

ಈ ಕೆಲಸವನ್ನು ಹವ್ಯಾಸ ಎಂದುಕೊಳ್ಳಬೇಡಿ. ಟಿಬೆಟನ್ ಗ್ರಂಥಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ 1980ರ ದಶಕದ ಕೊನೆಯಲ್ಲೇ ಬೈಲಕುಪ್ಪೆಯ ಸೆರಾ ಮೇ ಮಠದಲ್ಲಿ ಶುರುವಾಗಿತ್ತು. ಮೊನ್‌ಲಮ್ ಫಾಂಟ್ ರೂಪಿಸಿದ ಗೆಶೆ ಲೋಬ್ಸಂಗ್ ಮೊನ್‌ಲಮ್ ಓದಿದ್ದೂ ಅದೇ ಮಠದಲ್ಲಿ. ತಂಡವಾಗಿ ಟೈಪ್ ಮಾಡುವುದಾದರೆ ಒಂದೇ ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಿ, ಎರಡನ್ನೂ ತಾಳೆ ಹಾಕುವ ತಂತ್ರಾಂಶಕ್ಕೆ ಕೊಡಿ. ವ್ಯತ್ಯಾಸ ಬಂದ ಕಡೆ ಮಾತ್ರ ಮೂಲ ನೋಡಿದರೆ ಸಾಕು. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಅಪರೂಪ.

ವಿಡಿಯೊ ಎಡಿಟಿಂಗ್ ಕಲಿತಿದ್ದೇನೆ. ಹೊರದೇಶದ ಗಿರಾಕಿ ಸಿಕ್ಕಿದ್ದಾರೆ. ಫ್ರೀಲಾನ್ಸ್ ತಾಣದಲ್ಲಿ ನನ್ನ ಖಾತೆ ದೃಢೀಕರಣದಲ್ಲೇ ನಿಂತಿದೆ. ನನ್ನ ಬಳಿ ಆರ್‌ಸಿ ಇದೆ.
— 22 ವರ್ಷದ ಯುವತಿ, ಬೈಲಕುಪ್ಪೆ

ತರಬೇತಿ ಕೊಡುವವರು ಕೊನೆಯ ದಿನ ಹೇಳುವ, ನಿಜಕ್ಕೂ ಮೊದಲ ದಿನ ಕೇಳಬೇಕಾದ ವಿಷಯ ಇದು. ಕಲೆ ಕೈಗೆ ಹತ್ತಲು ಮೂರು ತಿಂಗಳು ಸಾಕು, ಕಾಗದ ಸರಿಯಾಗಲು ಅದಕ್ಕಿಂತ ಹೆಚ್ಚು ಹಿಡಿಯಬಹುದು. ಕೋರ್ಸ್ ಸೇರುವ ದಿನವೇ ಕಾಗದಗಳ ಕೆಲಸವೂ ಶುರುವಾಗಬೇಕು.

ಆರ್‌ಸಿ ಎಂದರೆ ಭಾರತದಲ್ಲಿ ವಾಸಿಸಲು ವಿದೇಶಿಯರ ನೋಂದಣಿ ಅಧಿಕಾರಿ ಕೊಡುವ ನೋಂದಣಿ ಪ್ರಮಾಣಪತ್ರ. ಹೊರದೇಶದ ಜಾಲತಾಣಗಳು ಗುರುತಿಗೆ ಕೇಳುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ಇದ್ದರೆ ಅದನ್ನು ಕೊಟ್ಟು ನೋಡಿ. ರಾಷ್ಟ್ರೀಯತೆಯ ಕಾಲಂನಲ್ಲಿ ‘ಇಂಡಿಯನ್’ ಒತ್ತಿ ಮುಂದೆ ಹೋಗುವುದು ಸುಲಭ ಅನಿಸಬಹುದು, ಆದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ‘ಸ್ಟೇಟ್‌ಲೆಸ್’ ಅಥವಾ ‘ರೆಫ್ಯೂಜಿ’ ಆಯ್ಕೆ ಇದ್ದರೆ ಅದನ್ನು ಒತ್ತಿ, ಇಲ್ಲದಿದ್ದರೆ ತಾಣದ ಸಹಾಯವಾಣಿಗೆ ಆರ್‌ಸಿಯ ವಿವರ ಕೊಟ್ಟು ಬರೆಯಿರಿ. ವಾಸಿಸುವ ದೇಶ ಮಾತ್ರ ಭಾರತವೇ. ರಾಷ್ಟ್ರೀಯತೆ, ವಾಸದ ದೇಶ ಎಂಬ ಎರಡು ಕಾಲಂಗಳನ್ನು ಬೆರೆಸಿದ್ದಕ್ಕೇ ಎಷ್ಟೋ ಖಾತೆ ನಿಲ್ಲುತ್ತವೆ.

ಇನ್ನೊಂದು ಕಾರಣ ಹೆಸರು. ಆರ್‌ಸಿಯಲ್ಲಿ ಒಂದು ಕಾಗುಣಿತ, ಆಧಾರಿನಲ್ಲಿ ಇನ್ನೊಂದು, ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮತ್ತೊಂದು. ಟಿಬೆಟನ್ ಹೆಸರುಗಳಲ್ಲಿ ಮನೆತನದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ; ಒಬ್ಬ ಗುಮಾಸ್ತರು ಹೆಸರಿನ ಎರಡು ಭಾಗಗಳನ್ನೂ ಒಂದೇ ಪದವಾಗಿ ಬರೆದಿರುತ್ತಾರೆ, ಇನ್ನೊಬ್ಬರು ಬಿಡಿಸಿರುತ್ತಾರೆ. ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ, ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಅಕ್ಷರ ಅಕ್ಷರ ಹೋಲಿಸಿ. ತಿದ್ದುವುದಾದರೆ ಆರ್‌ಸಿಗೆ ಹೊಂದುವಂತೆ ಉಳಿದವನ್ನು ತಿದ್ದಿಸಿ. ಪಾನ್ ಅರ್ಜಿಯಲ್ಲಿ ಒಂದೇ ಪದದ ಹೆಸರಿರುವವರು ಅದನ್ನು ಕೊನೆಯ ಹೆಸರಿನ ಜಾಗದಲ್ಲಿ ಬರೆಯಬೇಕು. ನಾಗರಿಕರಲ್ಲದವರಿಗೆ ಪಾನ್ ಅರ್ಜಿಯೇ ಬೇರೆ, ಸೈಬರ್ ಸೆಂಟರಿನವರು ರೂಢಿಯಂತೆ ನಾಗರಿಕರ ಅರ್ಜಿ ತುಂಬುತ್ತಾರೆ. ಪಕ್ಕದಲ್ಲೇ ನಿಂತು ನೋಡಿ.

ದುಡ್ಡು ಬರಬೇಕಾದ್ದು ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆಗೆ. ಹೊರದೇಶದಿಂದ ಬಂದಾಗ ಬ್ಯಾಂಕು ಪರ್ಪಸ್ ಕೋಡ್ ಕೇಳುತ್ತದೆ, ಏತಕ್ಕಾಗಿ ಬಂದ ಹಣ ಎಂದು. ‘ಮನೆಯವರು ಕಳಿಸಿದ್ದು’ ಎಂದು ಹಾಕಬೇಡಿ, ಸೇವೆಯ ಶುಲ್ಕ ಎಂದೇ ಹಾಕಿ, ಬಿಲ್ಲಿನ ಪ್ರತಿ ಇಟ್ಟುಕೊಳ್ಳಿ.

ಬೆಂಗಳೂರಿನ ಕಂಪನಿಗಳಲ್ಲಿ ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ನಿರಾಶ್ರಿತರನ್ನು ಸೇರಿಸಿಕೊಳ್ಳಬಹುದೇ ಎಂದು ಎಚ್‌ಆರ್‌ನವರು ತಡವರಿಸುತ್ತಾರೆ. ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿ ಟಿಬೆಟನ್ನರಿಗೆ ಉದ್ಯೋಗಕ್ಕೂ ಸ್ವಂತ ವ್ಯವಹಾರಕ್ಕೂ ಅವಕಾಶ ಕೊಟ್ಟಿದೆ. ಅದರ ಪ್ರತಿಯನ್ನು ಆರ್‌ಸಿಯ ಜೊತೆ ಫೈಲಿನಲ್ಲಿಟ್ಟು ಸಂದರ್ಶನಕ್ಕೆ ಹೋಗಿ. ಆರ್‌ಸಿಯ ಅವಧಿ ಮುಗಿಯುವ ದಿನವನ್ನು ಫೋನಿನ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಮುಂಚಿತವಾಗಿ ನೆನಪಿಸುವಂತೆ ಹಾಕಿಕೊಳ್ಳಿ.

ಬೆಂಗಳೂರಿನಲ್ಲಿ ಯುಎನ್‌ಎಚ್‌ಸಿಆರ್ (ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ) ಕಾರ್ಡ್ ಮಾತ್ರ ಇರುವ ಹುಡುಗರಿಗೆ ಕೋಡಿಂಗ್ ಕಲಿಸುತ್ತೇವೆ. ಅವರಿಗೂ ಇದೇ ದಾರಿಯೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಅಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ 1967ರ ಅದರ ಪ್ರೋಟೊಕಾಲಿಗಾಗಲಿ ಸೇರಿಲ್ಲ. ಬ್ಯಾಂಕುಗಳು ಗುರುತಿಗೆ ಒಪ್ಪುವ ಅಧಿಕೃತ ದಾಖಲೆಗಳ ಪಟ್ಟಿಯಲ್ಲಿ ಯುಎನ್‌ಎಚ್‌ಸಿಆರ್ ಕಾರ್ಡ್ ಇಲ್ಲ. ಖಾತೆ ಇಲ್ಲ ಎಂದರೆ ಯುಪಿಐ ಇಲ್ಲ, ಫ್ರೀಲಾನ್ಸ್ ಹಣ ಬರುವ ದಾರಿ ಇಲ್ಲ. ‘ಆನ್‌ಲೈನಿನಲ್ಲಿ ದುಡಿಯಬಹುದು’ ಎಂದು ಆಸೆ ಹುಟ್ಟಿಸಿ ಕೋರ್ಸಿಗೆ ಸೇರಿಸಿಕೊಳ್ಳುವುದು ಸರಿಯಲ್ಲ. ಗೆಳೆಯನ ಖಾತೆಗೆ ಹಾಕಿಸಿಕೊಂಡರಾಯಿತು ಎಂಬ ಸಲಹೆ ಇನ್ನೂ ಕೆಟ್ಟದು. ವಂಚಕರ ಹಣ ಹರಿಯುವುದೂ ಹೀಗೆ ಬಾಡಿಗೆಗೆ ಕೊಟ್ಟ ಖಾತೆಗಳಲ್ಲೇ. ಖಾತೆ ಸ್ಥಗಿತವಾದಾಗ ಪೊಲೀಸರಿಗೆ ವಿವರಣೆ ಕೊಡಬೇಕಾದವರಲ್ಲಿ ಈ ಹುಡುಗನೂ ಒಬ್ಬನಾಗುತ್ತಾನೆ, ಅವನ ಕಾಗದ ಮೊದಲೇ ತೆಳು.

ಹಾಗಾದರೆ ಏನು ಕಲಿಸಬೇಕು? ಇಂಗ್ಲಿಷ್, ಕನ್ನಡ ಎರಡರಲ್ಲೂ ಅರ್ಜಿ ತುಂಬುವುದು, ನಕ್ಷೆ ನೋಡಿ ಆಸ್ಪತ್ರೆ ಹುಡುಕುವುದು, ಕಾಗದಗಳನ್ನು ಸ್ಕ್ಯಾನ್ ಮಾಡಿ ಪಾಸ್‌ವರ್ಡ್ ಹಾಕಿ ಇಡುವುದು, ಅನುವಾದದ ಆ್ಯಪ್ ಎಲ್ಲಿ ತಪ್ಪುತ್ತದೆಂದು ಗುರುತಿಸುವುದು. ಕೋಡಿಂಗ್ ಬೇಡವೆಂದಲ್ಲ. ಫ್ರೀಕೋಡ್‌ಕ್ಯಾಂಪ್‌ನಂಥ ಉಚಿತ ತಾಣಗಳಲ್ಲಿ ಇ-ಮೇಲ್ ಒಂದಿದ್ದರೆ ಕಲಿಯಬಹುದು, ಬೇರೆ ದೇಶದಲ್ಲಿ ನೆಲೆ ಸಿಕ್ಕರೆ ಆ ವಿದ್ಯೆ ಜೊತೆಗೆ ಹೋಗುತ್ತದೆ. ಯಾವುದು ಇಂದಿಗೆ, ಯಾವುದು ಮುಂದಕ್ಕೆ ಎಂದು ಬಿಡಿಸಿ ಹೇಳಿ. ಮತ್ತೊಂದು: ದಾನಿಗಳಿಗೆ ತೋರಿಸಲು ತರಗತಿಯ ಫೋಟೊ ತೆಗೆದು ಫೇಸ್‌ಬುಕ್‌ಗೆ ಹಾಕಬೇಡಿ. ಕೆಲವರು ಓಡಿ ಬಂದದ್ದೇ ಮುಖ ಮರೆಸಿಕೊಳ್ಳಲು.

ಕಂಪ್ಯೂಟರ್ ತರಗತಿಯಲ್ಲಿ ಭದ್ರತೆಗೆ ಇಷ್ಟು ಹೊತ್ತು ಯಾಕೆ? ನಮ್ಮ ಮಕ್ಕಳ ಬಳಿ ಕದಿಯಲು ಏನಿದೆ?
— ಪೋಷಕರು, ಹುಣಸೂರು

2009ರಲ್ಲಿ ಕೆನಡಾದ ಸಂಶೋಧಕರು ‘ಘೋಸ್ಟ್‌ನೆಟ್’ ಎಂಬ ಬೇಹುಗಾರಿಕೆ ಜಾಲವನ್ನು ಬಯಲಿಗೆಳೆದರು. 103 ದೇಶಗಳ 1,295 ಕಂಪ್ಯೂಟರುಗಳು ಸೋಂಕಿತವಾಗಿದ್ದವು, ಧರ್ಮಶಾಲಾದ ದಲೈಲಾಮಾ ಕಚೇರಿಯ ಯಂತ್ರಗಳೂ ಅದರಲ್ಲಿದ್ದವು. ಒಳಗೆ ಬಂದ ದಾರಿ ಇ-ಮೇಲಿನ ಲಗತ್ತು. 2018ರ ನವೆಂಬರಿನಿಂದ 2019ರ ಮೇವರೆಗೆ ಟಿಬೆಟನ್ ಸಂಘಟನೆಗಳವರಿಗೆ ವಾಟ್ಸ್ಆ್ಯಪಿನಲ್ಲಿ ಪತ್ರಕರ್ತರ, ಸ್ವಯಂಸೇವಾ ಸಂಸ್ಥೆಯವರ ಸೋಗಿನಲ್ಲಿ ಲಿಂಕ್ ಬಂದವು. ಅಪ್‌ಡೇಟ್ ಆಗದ ಫೋನಿನಲ್ಲಿ ಒಮ್ಮೆ ಒತ್ತಿದರೆ ಸಾಕಿತ್ತು. ನಿಮ್ಮ ಮಗಳ ಫೋನಿನಲ್ಲಿ ಏನೂ ಇಲ್ಲದಿರಬಹುದು. ಅವಳ ಸಂಪರ್ಕ ಪಟ್ಟಿಯಲ್ಲಿ ಸಂಘದ ಕಾರ್ಯದರ್ಶಿ ಇದ್ದಾರೆ, ಟಿಬೆಟಿನಲ್ಲಿರುವ ಅತ್ತೆ ಇದ್ದಾರೆ.

ಹಾಗಾಗಿ ತರಗತಿಯಲ್ಲಿ ಕಲಿಸಬೇಕಾದ್ದು: ಫೋನ್ ಅಪ್‌ಡೇಟ್ ಮುಂದೂಡಬಾರದು, ಕಂಪನಿ ಅಪ್‌ಡೇಟ್ ನಿಲ್ಲಿಸಿದ ಫೋನಿನಲ್ಲಿ ಸಂಘದ ಗುಂಪುಗಳು ಬೇಡ, ಲಗತ್ತನ್ನು ಇಳಿಸದೆ ಗೂಗಲ್ ಡ್ರೈವ್‌ನಲ್ಲೇ ತೆರೆದು ನೋಡಬೇಕು, ವಾಟ್ಸ್ಆ್ಯಪಿಗೆ ಆರಂಕಿಯ ಪಿನ್, ಇ-ಮೇಲಿಗೆ ಎರಡು ಹಂತದ ದೃಢೀಕರಣ. ಕ್ರ್ಯಾಕ್ ಮಾಡಿದ ವಿಂಡೋಸ್ ಬೇಡವೆಂದದ್ದೂ ಇದಕ್ಕೇ, ಅದರೊಳಗೆ ಏನು ತುಂಬಿ ಕೊಟ್ಟಿದ್ದಾರೆಂದು ಕಲಿಸುವವರಿಗೂ ಗೊತ್ತಿರುವುದಿಲ್ಲ.

ಚೀನಾದ ಸಂದೇಶ ಆ್ಯಪ್ ವಿ-ಚಾಟ್ ಸಂಗತಿ ಸೂಕ್ಷ್ಮವಾದದ್ದು. 2020ರ ಜೂನ್ 29ರಂದು ಭಾರತ ನಿಷೇಧಿಸಿದ 59 ಆ್ಯಪುಗಳಲ್ಲಿ ಅದೂ ಒಂದು. ಆದರೆ ಟಿಬೆಟಿನ ಬಂಧುಗಳ ಜೊತೆ ಮಾತಾಡಲು ಬಹಳ ಮನೆಗಳಿಗೆ ಅದೇ ದಾರಿಯಾಗಿತ್ತು. ಈಗ ಎಲ್ಲಿಂದಲೋ ಎಪಿಕೆ (ಆ್ಯಪ್ ಹಾಕುವ) ಕಡತ ತಂದು ಹಾಕಿಕೊಳ್ಳುವವರಿದ್ದಾರೆ. ಆ ಕಡತದಲ್ಲಿ ಬೇರೇನೋ ಸೇರಿರಬಹುದು, ಅಲ್ಲಿ ಆಡಿದ ಮಾತು ಆ ಕಡೆಯವರಿಗೆ ಕುತ್ತಾಗಬಹುದು. ಇದನ್ನು ಗದರಿಸಿ ಹೇಳಿದರೆ ಹುಡುಗರು ಮುಚ್ಚಿಡುತ್ತಾರೆ, ಕೂತು ಮಾತಾಡಿ.

ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ತಿಂಗಳಿಗೆ 80 ಸಾವಿರ, ಟಿಕೆಟ್ ಅವರದೇ ಎಂದು ಟೆಲಿಗ್ರಾಮಿನಲ್ಲಿ ಬಂದಿದೆ.
— 24 ವರ್ಷದ ಯುವಕ, ಒಡೆಯರಪಾಳ್ಯ

ಹೋಗಬೇಡಿ. ಥಾಯ್ಲೆಂಡ್ ಎಂದು ಕರೆದು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆಯ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳಲ್ಲಿ ಭಾರತೀಯರೇ ಅನೇಕರಿದ್ದಾರೆ. ಅವರಿಗೆ ಕರೆಯಲು ರಾಯಭಾರ ಕಚೇರಿಯಾದರೂ ಇತ್ತು. ಪಾಸ್‌ಪೋರ್ಟ್ ಬದಲಿಗೆ ಟಿಬೆಟನ್ನರಿಗೆ ಸಿಗುವ ಐಸಿ ಎಂಬ ಹಳದಿ ಪುಸ್ತಕ ಹಿಡಿದು ಹೋಗುವವರಿಗೆ ವೀಸಾ, ಹೊರಹೋಗುವ ಅನುಮತಿ, ಮರಳುವ ಅನುಮತಿ ಎಲ್ಲ ಮುಂಚೆಯೇ ಆಗಿರಬೇಕು. ‘ಅಲ್ಲಿಗೆ ಬಂದ ಮೇಲೆ ಮಾಡಿಸೋಣ’ ಎನ್ನುವವರನ್ನು ಅಲ್ಲಿಗೇ ಬಿಡಿ. ನೋಂದಣಿ ಶುಲ್ಕವೆಂದು ಈಗಾಗಲೇ ಹಣ ಕಳಿಸಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಆ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತದೆ. ವಹಿವಾಟಿನ ಸಂಖ್ಯೆ, ಹಣ ಹೋದ ಸಮಯ, ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿಟ್ಟುಕೊಂಡು ಮಾತಾಡಿ, ಚಾಟ್ ಅಳಿಸಬೇಡಿ.

ಲ್ಯಾಪ್‌ಟಾಪ್ ಬದಲು ಎಲ್ಲರಿಗೂ ಒಂದೊಂದು ಅಗ್ಗದ ಟ್ಯಾಬ್ ಕೊಂಡರೆ?
— ಓದುಗರು, ಶಿರಸಿ

ಅವರ ಕೈಯಲ್ಲಿ ಈಗಾಗಲೇ ಟ್ಯಾಬಿಗಿಂತ ಒಳ್ಳೆಯ ಫೋನ್ ಇದೆ. ಇಲ್ಲದ್ದು ಕೀಲಿಮಣೆ. ಆ ದುಡ್ಡಿಗೆ ಫೋನಿಗೆ ಜೋಡಿಸುವ ಕೀಲಿಮಣೆ, ಮೌಸ್, ಓಟಿಜಿ ಅಡಾಪ್ಟರ್ ಕೊಳ್ಳಿ. ಟೈಪಿಂಗೂ ಸ್ಪ್ರೆಡ್‌ಶೀಟೂ ಅದರಲ್ಲೇ ಶುರುವಾಗಲಿ, ಲ್ಯಾಪ್‌ಟಾಪ್ ಸರದಿಯ ಮೇಲೆ ಸಿಗಲಿ.